ಕೆಂಪಿಗೆ ಒಂದು, ಹಸಿರಿಗೆ ಎರಡು

ನನಗೆ ಬಣ್ಣಗುರುಡು ಇದೆ ಎಂದು ಹೇಳಿದ ತಕ್ಷಣ ಎದುರಿಗಿದ್ದವರು ಮಾಡುವ ಕೆಲಸ ಒಂದೇ. ತಮ್ಮ ಅಂಗಿಯನ್ನೋ ಸೆರಗನ್ನೋ ಎಳೆದು ಹಿಡಿದು, "ಹಾಗಾದ್ರೆ ಇದ್ಯಾವ ಬಣ್ಣ ಹೇಳಿ?" ಎನ್ನುತ್ತಾರೆ. ಕಿವಿ ಕೇಳಿಸದವರ ಹತ್ತಿರ ಹೋಗಿ, ಈಗ ನಾನು ಏನಂದೆ ಹೇಳಿ ಎಂದು ಯಾರೂ ಕೇಳುವುದಿಲ್ಲ. ಕಾಲು ನೋವಿರುವವರಿಗೆ, ಎಲ್ಲಿ, ಒಂದು ಸಲ ಓಡಿ ತೋರಿಸಿ ಎನ್ನುವುದಿಲ್ಲ. ನನ್ನ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಪರೀಕ್ಷಕರೇ. ಸರಿಯಾಗಿ ಹೇಳಿಬಿಟ್ಟರೆ, ಗೊತ್ತಾಗುತ್ತಲ್ಲ ಮತ್ತೇನು ನಾಟಕ ಎಂಬ ನೋಟ. ತಪ್ಪು ಹೇಳಿದರೆ ಗೊಳ್ಳೆಂದು ನಗು, ಅದರ ಹಿಂದೆಯೇ ಎರಡನೇ ಪ್ರಶ್ನೆ, ಮೂರನೇ ಪ್ರಶ್ನೆ. ಪಕ್ಕದ ಮೇಜಿನವರನ್ನೂ ಕರೆಯುತ್ತಾರೆ. ನನಗೆ ಐವತ್ತು ಹತ್ತಿರವಾಯಿತು. ಈ ಪರೀಕ್ಷೆ ಕೊಟ್ಟೂ ಕೊಟ್ಟೂ ಸಾಕಾಗಿಹೋಗಿದೆ.

ಇನ್ನು ಕೆಲವರು, ಅಯ್ಯೋ ಪಾಪ, ನಿಮಗೆ ಎಲ್ಲವೂ ಹಳೇ ಸಿನಿಮಾ ಥರ ಕಪ್ಪು ಬಿಳುಪಾ ಎಂದು ಕೇಳುತ್ತಾರೆ. ಅಲ್ಲ ಸ್ವಾಮಿ. ನೀಲಿ ಕಾಣುತ್ತದೆ, ಹಳದಿ ಚೆನ್ನಾಗಿ ಕಾಣುತ್ತದೆ. ಕೆಂಪು, ಹಸಿರು, ಕಂದು ಈ ಮೂರು ಮಾತ್ರ ನನ್ನ ಪಾಲಿಗೆ ಒಂದೇ ಮನೆಯ ಅಕ್ಕತಂಗಿಯರು. ಯಾರು ಯಾರೆಂದು ಮುಖ ನೋಡಿ ಹೇಳಲಾರೆ. ಫೋನಿನಲ್ಲಿ ಅರ್ಧಂಬರ್ಧ ಓದಿಕೊಂಡು ಬಂದವರದು ಮತ್ತೊಂದು ಕಾಟ: ಹೆಂಗಸರಿಗೆ ಅದು ಬರುವುದೇ ಇಲ್ಲವಂತೆ. ಬಂದಿದೆಯಲ್ಲ, ಏನು ಮಾಡಲಿ, ವಾಪಸ್ ಕೊಟ್ಟು ಬರಲೇ?

ಯಶವಂತಪುರದ ಮಾರುಕಟ್ಟೆಯಲ್ಲಿ ನಾನು ಟೊಮೆಟೊವನ್ನು ಹೆಬ್ಬೆರಳಿನಿಂದ ಅದುಮಿ ನೋಡಿಯೇ ಆರಿಸುವುದು. ಹಣ್ಣೋ ದೋರಗಾಯೋ ಬೆರಳಿಗೆ ಗೊತ್ತಾಗುತ್ತದೆ, ಮಾರುವ ಹೆಂಗಸಿಗೆ ಮಾತ್ರ ಸಿಟ್ಟು ಬರುತ್ತದೆ. ಕೊತ್ತಂಬರಿ ಸೊಪ್ಪು ಬಾಡಿದೆಯೇ ಎಂದು ಮೂಸಿ ನೋಡುತ್ತೇನೆ. ಬಾಗಲಗುಂಟೆಯ ನನ್ನ ಮನೆಯಿಂದ ಮತ್ತಿಕೆರೆಯ ಕಾಲೇಜಿನ ಆಫೀಸಿಗೆ ದಿನವೂ ಸ್ಕೂಟರಿನಲ್ಲಿ ಹೋಗುತ್ತೇನೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮೇಲಿನ ದೀಪ ನಿಲ್ಲು, ಕೆಳಗಿನ ದೀಪ ಹೊರಡು. ಅಷ್ಟೂ ಬೇಕಿಲ್ಲ. ಹಸಿರು ಬಂತೆಂದು ಹೇಳುವುದಕ್ಕೆ ಈ ಊರಿನಲ್ಲಿ ಹಿಂದಿನವರ ಹಾರ್ನ್ ಸಾಕು, ಅದು ದೀಪಕ್ಕಿಂತ ಮೊದಲೇ ಬರುತ್ತದೆ.

ಇವೆಲ್ಲ ನಿಭಾಯಿಸಬಹುದಾದ ಸಂಗತಿಗಳು. ನನ್ನ ಪ್ರಾಣ ತೆಗೆಯುವುದು ಬಟ್ಟೆ. ನನ್ನ ಮಗನಿಗೂ ಇದೇ ಕಣ್ಣು ಬಂದಿದೆ. ಅವನು ಒಂದೇ ಅಂಗಡಿಯಿಂದ ಆರು ಕಪ್ಪು ಟೀ ಶರ್ಟ್ ತಂದುಕೊಂಡು ಹಾಯಾಗಿದ್ದಾನೆ. ಹೆಂಗಸಾದವಳಿಗೆ ಆ ಸುಖ ಎಲ್ಲಿಂದ ಬರಬೇಕು? ಸೀರೆಗೆ ರವಿಕೆ ಹೊಂದಬೇಕು, ರವಿಕೆಗೆ ಬಳೆ, ಬಳೆಗೆ ಕ್ಲಿಪ್ಪು. ಮ್ಯಾಚಿಂಗ್ ಸೆಂಟರಿನಲ್ಲಿ ನಿಂತರೆ ಮುಗಿಯಿತು. ಈರುಳ್ಳಿ ಸಿಪ್ಪೆ ಬಣ್ಣ, ಮಾವಿನ ಚಿಗುರಿನ ಬಣ್ಣ, ನವಿಲು ಕತ್ತಿನ ಬಣ್ಣ, ಗಿಣಿ ಬಣ್ಣ, ಪಾಚಿ ಬಣ್ಣ. ಇರುವ ಮೂರನ್ನೇ ನೆಟ್ಟಗೆ ನೋಡಲಾಗದವಳ ಮುಂದೆ ಮೂವತ್ತು ಬಣ್ಣ ಗುಡ್ಡೆ ಹಾಕಿ, ಬೇಗ ಹೇಳಿ ಮೇಡಂ ಎಂದರೆ ಏನು ಹೇಳುವುದು?

ಈ ಕಣ್ಣು ನನಗೆ ಬಂದದ್ದು ಅಪ್ಪನಿಂದ. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಅವರು ಅಮ್ಮನಿಗೆ ಸೋದರಮಾವ, ಅಂದರೆ ನನ್ನ ಅಜ್ಜಿಯ ಕೊನೆಯ ತಮ್ಮ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಮದುವೆಯಾಗಿ ಮಕ್ಕಳಾದ ಮೇಲೂ ಅಮ್ಮ ಅವರನ್ನು ಮಾವ ಎಂದೇ ಕರೆಯುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ. ಸುತ್ತ ಹಾಸ್ಟೆಲುಗಳೂ ಜೆರಾಕ್ಸ್ ಅಂಗಡಿಗಳೂ ಬಂದು ಊರು ಬದಲಾದರೂ ಅವಳ ಬಾಯಲ್ಲಿ ಹಕಾರ ಇವತ್ತಿಗೂ ಹೊರಡುವುದಿಲ್ಲ. ಆ ಮನೆಯಲ್ಲಿ ಅಪ್ಪನೂ ನಾನೂ ಒಂದು ಪಕ್ಷ, ಅಮ್ಮನೂ ತಮ್ಮನೂ ಇನ್ನೊಂದು ಪಕ್ಷ. ತಮ್ಮನಿಗೆ ಇದು ಬರಲಿಲ್ಲ. ದಾಳಿಂಬೆ ಗಿಡದಲ್ಲಿ ಹೂವಾಗಿದೆ ಎಂದು ಅವರಿಬ್ಬರು ಹೇಳಿದರೆ, ನಾವಿಬ್ಬರೂ ಎಲೆಗಳ ನಡುವೆ ಹುಡುಕುತ್ತಾ ನಿಲ್ಲುತ್ತಿದ್ದೆವು.

ಗಂಟಿನ ಉಪಾಯ ಅಮ್ಮನದು. ನಾನು ಸೀರೆ ಉಡಲು ಶುರು ಮಾಡಿದ ವರ್ಷವೇ ಅವಳು ಅದನ್ನು ಕಂಡುಹಿಡಿದಳು. ಸೊಂಟಕ್ಕೆ ಸಿಕ್ಕಿಸುವ ತುದಿಯಲ್ಲಿ, ಯಾರಿಗೂ ಕಾಣದ ಕಡೆ, ಸೂಜಿಯಲ್ಲಿ ದಾರ ಹಾಯಿಸಿ ಗಂಟು ಹಾಕುವುದು. ಕೆಂಪಿಗೆ ಒಂದು, ಹಸಿರಿಗೆ ಎರಡು, ಕಂದಿಗೆ ಮೂರು. ನೀಲಿ, ಹಳದಿ, ಬಿಳುಪು ನನಗೇ ಗೊತ್ತಾಗುವುದರಿಂದ ಅವಕ್ಕೆ ಗಂಟಿಲ್ಲ. ಬೀರುವಿನಲ್ಲಿ ಕೈ ಹಾಕಿ ಬೆರಳಲ್ಲೇ ಎಣಿಸಿ ಎಳೆದರೆ ಬೇಕಾದ ಸೀರೆ ಬರುತ್ತಿತ್ತು. ಮದುವೆಯಾಗಿ ಬಾಗಲಗುಂಟೆಗೆ ಬಂದ ಮೇಲೂ ಹೊಸ ಸೀರೆ ಬಂದರೆ ಮೊದಲು ಮತ್ತಿಕೆರೆಗೆ ಹೋಗಬೇಕು, ಅಮ್ಮ ಗಂಟು ಹಾಕಬೇಕು, ಆಮೇಲೆ ಮಿಕ್ಕಿದ್ದು. ಯಾವ ಸೀರೆಯ ಬಣ್ಣವನ್ನೂ ಬಾಯಿಬಿಟ್ಟು ಯಾರನ್ನೂ ಕೇಳುವ ಪ್ರಸಂಗವೇ ಬರಲಿಲ್ಲ.

ಅಪ್ಪನಿಗೂ ಕೇಳುವುದೆಂದರೆ ಅವಮಾನ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಲ ಅವರು ಯಾರಿಗೂ ಹೇಳದೆ ಚಿಕ್ಕಪೇಟೆಗೆ ಹೋಗಿ ಅಮ್ಮನಿಗೆ ಒಂದು ರೇಷ್ಮೆ ಸೀರೆ ತಂದರು. ಅಂಗಡಿಯವನ ಬಾಯಿ ನೋಡದೆ ರಾಶಿಯಿಂದ ತಾವೇ ಆರಿಸಿದ್ದರಂತೆ. "ಕುಂಕುಮದ ಕೆಂಪು, ನೋಡು" ಎಂದು ಅಮ್ಮನ ಮಡಿಲಿಗೆ ಹಾಕಿದರು. ಅಮ್ಮ ಸೆರಗು ಬಿಚ್ಚಿ ನೋಡಿ, ಭಾಳ ಚೆಂದಾಗೈತೆ ಮಾವ ಅಂದಳು. ತಮ್ಮ ಇದು ಕೆಂಪಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನನ್ನು ಸಕ್ಕರೆ ತರಲು ಅಂಗಡಿಗೆ ಓಡಿಸಿದಳು. ಅದು ಕೆಂಪಲ್ಲವೆಂದು ನನಗೆ ಆವತ್ತೇ ತಿಳಿಯಿತು, ಯಾವ ಬಣ್ಣವೆಂದು ಮಾತ್ರ ಕೇಳಲಿಲ್ಲ. ನನ್ನ ಕಣ್ಣಿಗೂ ಅದು ಅಪ್ಪ ಹೇಳಿದ ಹಾಗೆಯೇ ಇತ್ತು. ಅಮ್ಮ ಅದನ್ನು ಎಲ್ಲ ಮದುವೆ ಮುಂಜಿಗೂ ಉಟ್ಟಳು. ಅಪ್ಪ ತೀರಿಹೋದ ಮೇಲೆ ಮಡಿಸಿ ಒಳಗಿಟ್ಟಳು.

ಎಲ್ಲ ಸರಿಯಾಗಿಯೇ ನಡೆದಿತ್ತು, ಮೊನ್ನೆಯ ನವರಾತ್ರಿಯವರೆಗೆ. ನವರಾತ್ರಿಗೆ ದಿನಕ್ಕೊಂದು ಬಣ್ಣ ಉಡುವ ಪದ್ಧತಿ ಯಾರು ತಂದರೋ ಏನೋ, ಅವರಿಗೆ ಒಳ್ಳೆಯದಾಗಲಿ. ಹಬ್ಬಕ್ಕೆ ವಾರವಿದ್ದಂತೆ ವಾಟ್ಸಾಪಿನಲ್ಲಿ ಬಣ್ಣಗಳ ಪಟ್ಟಿ ಹರಿದಾಡುತ್ತದೆ, ನಮ್ಮ ಆಫೀಸಿನ ಹೆಂಗಸರೆಲ್ಲ ಬೆಳಗ್ಗೆ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಗಂಟುಗಳ ಧೈರ್ಯದಲ್ಲಿ ಒಂದು ದಿನವೂ ತಪ್ಪದೆ ನಿಲ್ಲುತ್ತಿದ್ದೆ. ಈ ಸಲ ನನ್ನ ನಾದಿನಿ ಗೃಹಪ್ರವೇಶಕ್ಕೆ ಕೊಟ್ಟ ಸೀರೆಯೊಂದಿತ್ತು. ಗಡಿಬಿಡಿಯಲ್ಲಿ ಅದನ್ನು ಅಮ್ಮನ ಮನೆಗೆ ಒಯ್ಯದೆ ಸೀದಾ ಫಾಲ್ಸ್ ಹಾಕಿಸಲು ಕೊಟ್ಟುಬಿಟ್ಟಿದ್ದೆ, ಆಮೇಲೆ ಮರೆತೂಬಿಟ್ಟಿದ್ದೆ. ಹಸಿರಿನ ದಿನ ಬೀರುವಿಗೆ ಕೈ ಹಾಕಿದರೆ ಆ ಸೀರೆಯ ತುದಿಯಲ್ಲಿ ಸ್ಪಷ್ಟವಾಗಿ ಎರಡು ಗಂಟು ಸಿಕ್ಕವು. ಉಟ್ಟುಕೊಂಡು ಹೋದೆ.

ಮೆಟ್ಟಿಲಿನ ನಟ್ಟನಡುವೆ ನಿಂತಿದ್ದೆ. ಫೋಟೋ ತೆಗೆಯುತ್ತಿದ್ದ ಹುಡುಗಿ ಫೋನ್ ಕೆಳಗಿಳಿಸಿ ನಗತೊಡಗಿದಳು, ಆಮೇಲೆ ಉಳಿದವರೂ ತಿರುಗಿ ನೋಡಿದರು. ಅಷ್ಟೂ ಜನ ಹಸಿರಿನಲ್ಲಿದ್ದರೆ ನಾನೊಬ್ಬಳು ಇಟ್ಟಿಗೆ ಕೆಂಪು. ಒಬ್ಬಾಕೆ ಸಮಾಧಾನಕ್ಕೆ, ಪರವಾಗಿಲ್ಲ ಬಿಡಿ ಎದ್ದು ಕಾಣ್ತೀರ ಅಂದಳು. ಆಮೇಲೆ ನಿಜ ಹೇಳಲೇಬೇಕಾಯಿತು. ಹೇಳಿದ್ದೇ ತಡ, ಮಧ್ಯಾಹ್ನದ ಊಟದ ಹೊತ್ತಿಗೆ ಹದಿನೈದು ಜನ ಬಂದು ಇದ್ಯಾವ ಬಣ್ಣ ಹೇಳಿ ಎಂದು ಕೇಳಿ ಹೋದರು. ಸಂಜೆ ಮನೆಗೆ ಬಂದು ಗಂಟುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಅವು ಅಮ್ಮನ ಗಂಟುಗಳೇ ಅಲ್ಲ. ಫಾಲ್ಸ್ ಹಾಕಿದವಳು ಹೊಲಿಗೆ ಬಿಚ್ಚದಿರಲೆಂದು ದಾರದ ತುದಿಗೆ ಹಾಕಿದ ಗಂಟುಗಳು. ಅವಳ ಅಚ್ಚುಕಟ್ಟಿನ ಕೆಲಸಕ್ಕೆ ನನ್ನ ಮಾನ ಹೋಯಿತು.

ಆ ಫೋಟೋ ಹೇಗೋ ತಮ್ಮನ ಫೋನಿಗೆ ಹೋಗಿ ಅಮ್ಮನ ಕಣ್ಣಿಗೆ ಬಿತ್ತು. ಅವಳು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ಆ ಸೀರೆಗೆ ಗಂಟು ಹಾಕಿದ್ದು ನಾನಾ? ಅಲ್ಲಮ್ಮ, ಫಾಲ್ಸ್ ಅಂಗಡಿಯವಳು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀಯ ಅಂದಳು. ಅವಳ ಕಣ್ಣಿಗೆ ಪೊರೆ ಬರುತ್ತಿತ್ತು, ನೆನಪೂ ಆಗಾಗ ಕೈಕೊಡುತ್ತಿತ್ತು. ತಾನೇ ಹಾಕಿ ಮರೆತಿರಬೇಕೆಂದು ತೀರ್ಮಾನಿಸಿಬಿಟ್ಟಳು. ಫೋನ್ ಇಡುವ ಮೊದಲು ಅಂದಳು:

"ನಾನಿಲ್ದಿದ್ ಮ್ಯಾಲೆ ನಿಂಗೆ ಯಾರೇ ಗಂಟ್ ಆಕ್ತಾರೆ?"

ಮಗನಿಗೆ ನನ್ನದೇ ಕಣ್ಣು. ತಮ್ಮನಿಗೆ ಬಣ್ಣ ಕಾಣುತ್ತದೆ, ಆದರೆ ಸೀರೆ ಹಿಡಿದು ಕೂರುವ ಪುರುಸೊತ್ತು ಅವನಿಗೆಲ್ಲಿ? ನನ್ನ ಗಂಡನಿಗೆ ಕಣ್ಣು ಚೆನ್ನಾಗಿದೆ, ಗಮನ ಇಲ್ಲ. ಮರೂನಿನಿಂದ ಕಿತ್ತಳೆಯವರೆಗೆ ಅವರಿಗೆ ಎಲ್ಲವೂ ಕೆಂಪೇ. ಅವರು ಫೋನಿಗೆ ಬಣ್ಣ ಹೇಳುವ ಆ್ಯಪ್ ಹಾಕಿಕೊಟ್ಟಿದ್ದರು. ಅದು ಅಮ್ಮನ ದಾಳಿಂಬೆ ಬಣ್ಣದ ಸೀರೆಗೆ ಟ್ಯೂಬ್‌ಲೈಟ್ ಕೆಳಗೆ ಒಂದು ಹೆಸರು, ಕಿಟಕಿಯ ಹತ್ತಿರ ಇನ್ನೊಂದು ಹೆಸರು ಹೇಳಿತು. ಇದನ್ನೆಲ್ಲ ಅಮ್ಮನೂ ಬಲ್ಲಳು. ಆ ದಿನದಿಂದ ಅವಳಿಗೆ ಅದೊಂದೇ ಯೋಚನೆ ಹಿಡಿಯಿತು. ತಾನಿರುವಾಗಲೇ ನನ್ನ ಕಣ್ಣು ಸರಿಯಾಗಬೇಕು, ನಾನು ಇನ್ನೊಬ್ಬರ ಕೈ ಕಾಯಬಾರದು. ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು ಎಂದು ತಮ್ಮ ಹೇಳಿದ.

ಕೊನೆಗೆ ಅವಳ ಕಾಟ ತಡೆಯಲಾರದೆ ತಮ್ಮ ನಮ್ಮಿಬ್ಬರನ್ನೂ ಆರ್.ಟಿ. ನಗರದ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಚಿಕ್ಕ ವಯಸ್ಸಿನ ಡಾಕ್ಟರು. ಚುಕ್ಕೆಗಳೊಳಗೆ ಅಂಕಿ ಅಡಗಿಸಿಟ್ಟ ಪುಸ್ತಕ ತೋರಿಸಿದರು, ನನಗೆ ಬರೀ ಚುಕ್ಕೆ ಕಂಡವು. ಹೆಂಗಸರಲ್ಲಿ ತುಂಬಾ ಅಪರೂಪ ಎಂದು ಇನ್ನೊಂದು ಸಲ ತೋರಿಸಿದರು, ಮತ್ತೆ ಚುಕ್ಕೆಗಳೇ. ತಂದೆಗೆ ಇತ್ತೇ ಎಂದರು. ಇತ್ತು. ತಂದೆ ತಾಯಿ ಸಂಬಂಧದಲ್ಲಿ ಮದುವೆಯಾದವರೇ ಎಂದರು. ಸೋದರಮಾವ ಎಂದಾಗ ಅವರ ಮುಖ ಲೆಕ್ಕ ಸರಿಹೋದವರ ಹಾಗೆ ಅರಳಿತು. ತಂದೆಯಿಂದ ಒಂದು ಪಾಲು ಬರುತ್ತದೆ, ಹೆಣ್ಣುಮಕ್ಕಳಿಗೆ ಅಷ್ಟೇ ಸಾಲದು, ತಾಯಿಯ ಕಡೆಯಿಂದಲೂ ಇನ್ನೊಂದು ಪಾಲು ಬರಬೇಕು, ಇಬ್ಬರೂ ಒಂದೇ ಮನೆತನವಾದ್ದರಿಂದ ಹೀಗಾಗಿದೆ ಎಂದು ವಿವರಿಸಿದರು. ವಾಸಿಯಾಗುವಂಥದ್ದಲ್ಲ. ಬಣ್ಣದ ಗಾಜಿನ ಕನ್ನಡಕ ಬರುತ್ತದೆ, ಕೆಲವರಿಗೆ ಅಕ್ಕಪಕ್ಕದ ಎರಡು ಬಣ್ಣ ಬೇರೆ ಎಂದು ತಿಳಿಯಲು ಅನುಕೂಲವಾಗುತ್ತದೆ, ಅದರಿಂದ ಕಣ್ಣು ಬದಲಾಗುವುದಿಲ್ಲ, ಹಾಕಿ ನೋಡಿ ಆಮೇಲೆ ತೆಗೆದುಕೊಳ್ಳಿ ಎಂದರು. ಪಾಪ, ಸ್ಪಷ್ಟವಾಗಿಯೇ ಹೇಳಿದರು. ಅಮ್ಮನ ಕಿವಿಗೆ ಬಿದ್ದದ್ದು ಎರಡೇ: ಸಂಬಂಧದ ಮದುವೆ, ಮತ್ತು ಕನ್ನಡಕ.

ವಾಪಸಾಗುವಾಗ ಮೇಖ್ರಿ ಸರ್ಕಲ್ ದಾಟುವವರೆಗೂ ಅವಳು ಡಾಕ್ಟರ ಚೀಟಿಯನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಆಮೇಲೆ, "ಅಂದ್ರೆ ನಾನೂ ಮಾವನೂ ಮದ್ವೆ ಆಗಿದ್ಕೇ ನಿಂಗಿಂಗಾಯ್ತು" ಅಂದಳು. ನನಗೆ ರೇಗಿಹೋಯಿತು. ನೀವಿಬ್ಬರೂ ಮದುವೆಯಾಗದಿದ್ದರೆ ಬಣ್ಣ ಕಾಣುವ ಮಗಳೇನೂ ಹುಟ್ಟುತ್ತಿರಲಿಲ್ಲ, ಈ ಮಗಳೇ ಹುಟ್ಟುತ್ತಿರಲಿಲ್ಲ, ಸುಮ್ಮನಿರು ಎಂದು ಕೂಗಾಡಿದೆ. ಅವಳು ಒಪ್ಪಿಕೊಳ್ಳಲಿಲ್ಲ. ತನ್ನಿಂದ ಹೋದದ್ದನ್ನು ತಾನೇ ಕೊಡಿಸುವ ಹಟ ಅವಳಿಗೆ ಬಂದಿತ್ತು. ಮನೆ ತಲುಪುವ ಹೊತ್ತಿಗೆ ತಮ್ಮನಿಗೆ ಕನ್ನಡಕದ ಅಂಗಡಿ ಹುಡುಕಲು ಹೇಳಿಯಾಗಿತ್ತು.

ಅಂಗಡಿ ಹೆಬ್ಬಾಳದ ಹತ್ತಿರ ಸಿಕ್ಕಿತು. ಆ ಹೊತ್ತಿಗೆ ನನ್ನ ಗಂಡ ಫೋನಿನಲ್ಲಿ ವಿಡಿಯೋಗಳನ್ನು ಗುಡ್ಡೆ ಹಾಕಿಕೊಂಡಿದ್ದರು. ಯಾರೋ ದಪ್ಪ ಮೀಸೆಯ ಗಂಡಸು ಕನ್ನಡಕ ಹಾಕಿಕೊಂಡು ಬಲೂನ್ ನೋಡಿ ಗಳಗಳನೆ ಅಳುತ್ತಾನೆ, ಸುತ್ತ ಮನೆಮಂದಿಯೆಲ್ಲ ಅವನನ್ನು ತಬ್ಬಿಕೊಂಡು ಅಳುತ್ತಾರೆ. ಅಂಗಡಿಯ ಸೇಲ್ಸ್‌ಮನ್ನೂ ಅಂಥವನ್ನು ನೋಡಿಯೇ ಇದ್ದ. ಕನ್ನಡಕದ ಡಬ್ಬಿಯ ಜೊತೆಗೆ ಟಿಶ್ಯೂ ಪೇಪರಿನ ಪೆಟ್ಟಿಗೆಯನ್ನೂ ನನ್ನ ಕಡೆ ಸರಿಸಿ, ಕೆಲವರಿಗೆ ತಡೆಯಲು ಆಗುವುದಿಲ್ಲ ಮೇಡಂ, ನಾಚಿಕೆಪಡಬೇಡಿ ಅಂದ. ಆಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ರಸ್ತೆ ನಡುವಿನ ಕಾಗದದ ಹೂವಿನ ಪೊದೆಯ ಎದುರು ನಿಲ್ಲಿಸಿದ. ಒಂದು ಕಡೆ ಫ್ಲೈಓವರು, ಒಂದು ಕಡೆ ಏರ್‌ಪೋರ್ಟಿನ ಬಸ್ಸು, ಎದುರಿಗೆ ಫೋನ್ ಎತ್ತಿ ಹಿಡಿದ ನನ್ನ ಗಂಡ. ಕನ್ನಡಕ ಏರಿಸಿದೆ. ಆಕಾಶಕ್ಕೆ ಯಾರೋ ಕಾಫಿ ಚೆಲ್ಲಿದಂತಾಯಿತು. ಹೂವು ಎಲೆಗಿಂತ ಸ್ವಲ್ಪ ಮುಂದೆ ಬಂದು ನಿಂತವು, ಅದು ನಿಜ. ಮೊದಲು ಎಲೆಗಳ ನಡುವೆ ಮುಳುಗಿರುತ್ತಿದ್ದವು, ಈಗ ಬೇರೆಯಾಗಿ ಕಂಡವು. ಆದರೆ ಅದು ಕೆಂಪೋ ಗುಲಾಬಿಯೋ ನೇರಳೆಯೋ ಎಂದು ನನಗೆ ಹೇಳುವವರು ಯಾರು? ಬೇರೆ ಎಂದು ಗೊತ್ತಾದರೆ ಅದರ ಹೆಸರೂ ಗೊತ್ತಾದಂತೆಯೇ?

ಹೇಗನಿಸುತ್ತಿದೆ ಮೇಡಂ ಎಂದು ಅವನು ಕೇಳಿದ. ತಲೆ ನೋಯುತ್ತಿದೆ ಎಂದೆ. ಅವನ ಕೈಯಲ್ಲಿದ್ದ ಟಿಶ್ಯೂ ಪೆಟ್ಟಿಗೆ ಒಳಗೆ ಹೋಯಿತು.

ತೆಗೆದುಕೊಳ್ಳುವುದು ಬೇಡ ಎಂದು ನಾನು, ಅಮ್ಮ ಹೇಳಿದ್ದಾಳೆ ಎಂದು ತಮ್ಮ. ಅಂತೂ ಅದು ಮನೆಗೆ ಬಂತು. ಒಂದಷ್ಟು ದಿನ ಹಾಕಿಕೊಂಡು ಓಡಾಡಿದೆ, ಸ್ಕೂಟರ್ ಮೇಲೊಂದು ಬಿಟ್ಟು. ಇದ್ದ ಹಳದಿಯೂ ಹಾಳಾಯಿತು. ಅರಿಶಿನದ ಡಬ್ಬಿ ತೆರೆದರೆ ಯಾವುದೋ ಗೊತ್ತಿಲ್ಲದ ಪುಡಿ. ಮಗನ ಮೂಗಿಗೆ ಏರಿಸಿದರೆ, ಅವನು ಎರಡು ನಿಮಿಷ ಗೋಡೆಯ ಕ್ಯಾಲೆಂಡರ್ ನೋಡಿ, ಬೇಡಮ್ಮ, ನಂಗೆ ಕಪ್ಪೇ ಸಾಕು ಎಂದು ವಾಪಸ್ ಕೊಟ್ಟ. ಗಂಡ ಮಾತ್ರ ಬಿಡಲಿಲ್ಲ. ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು ಇದ್ಯಾವ ಬಣ್ಣ, ಒಗೆದ ಬಟ್ಟೆ ಹಿಡಿದು ಬಂದು ಇದ್ಯಾವ ಬಣ್ಣ. ಇಷ್ಟು ವರ್ಷ ಸಂಸಾರ ಮಾಡಿದವರೂ ಪರೀಕ್ಷಕರಾಗಿ ನಿಂತರೆ ಎಲ್ಲಿಗೆ ಹೋಗಲಿ?

ಅಮ್ಮನಿಗೆ ತೋರಿಸುವ ದಿನ ಭಾನುವಾರವೆಂದು ನಿಶ್ಚಯವಾಯಿತು. ಮತ್ತಿಕೆರೆಗೆ ಹೋಗುವ ದಾರಿಯುದ್ದಕ್ಕೂ ನಾನು ಯೋಚಿಸಿದೆ. ನಿಜ ಹೇಳಿದರೆ ಅವಳು ಆ ಡಾಕ್ಟರ ಮಾತು, ಆ ಮದುವೆ, ತಾನಿಲ್ಲದ ಕಾಲ ಎಲ್ಲವನ್ನೂ ತಲೆಗೆ ಹಚ್ಚಿಕೊಂಡು ಕೊರಗುತ್ತಾಳೆ. ಕಾಣುತ್ತದೆ ಎಂದುಬಿಟ್ಟರೆ ನೆಮ್ಮದಿಯಾಗಿರುತ್ತಾಳೆ. ನನಗೇನು, ಒಂದು ಸುಳ್ಳು. ಹೇಳಿಯೇಬಿಡುವುದು ಎಂದು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೇ ತೀರ್ಮಾನ ಮಾಡಿಕೊಂಡೆ.

ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರಿನ ವಾಸನೆ ತುಂಬಿತ್ತು. ಅಮ್ಮ ತಾನೇ ಕೂತು ಅವರೆಕಾಳು ಹಿತಕಿ ಮಾಡಿದ್ದಳು. ಹಜಾರದಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು, ಶಾಸ್ತ್ರಕ್ಕೆ ಕೂರಿಸಿದ ಹಾಗೆ. ಗಂಡ ಫೋನ್ ಎತ್ತಿದರು, ತಮ್ಮ ಕಿಟಕಿಯ ಪರದೆ ಸರಿಸಿದ. ಹಬ್ಬಕ್ಕೆ ಬಂದಾಗ ಉಡಲೆಂದು ನನ್ನ ಕೆಲವು ಸೀರೆಗಳನ್ನು ಆ ಮನೆಯಲ್ಲೇ ಬಿಟ್ಟಿದ್ದೆ. ಅಮ್ಮ ಅವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ನಾನು ಕನ್ನಡಕ ಏರಿಸಿ, ಮಡಿಕೆಯೊಳಗೆ ಬೆರಳು ಜಾರಿಸಿ, ಮೊದಲನೆಯದು ಕೆಂಪು ಎಂದೆ. ಚಪ್ಪಾಳೆ. ಎರಡನೆಯದು ಹಸಿರು ಎಂದೆ. ತಮ್ಮ ಶಿಳ್ಳೆ ಹಾಕಿದ. ಮೂರನೆಯದು ಕಾಫಿ ಬಣ್ಣ ಎಂದಾಗ ಗಂಡ ಹತ್ತಿರ ಬಂದು, "ಸ್ವಲ್ಪ ಅಳೇ, ಇನ್ನೂ ರೆಕಾರ್ಡ್ ಆಗ್ತಿದೆ" ಎಂದರು. ಇವರನ್ನು ಏನು ಮಾಡಬೇಕೋ ನನಗಂತೂ ಗೊತ್ತಿಲ್ಲ.

ಅಮ್ಮ ಚಪ್ಪಾಳೆ ತಟ್ಟಲಿಲ್ಲ. ಎಲ್ಲರನ್ನೂ ಊಟಕ್ಕೆ ಕೂರಿಸಿ, ನನ್ನನ್ನು ಮಾತ್ರ ಒಳಕೋಣೆಗೆ ಕರೆದಳು. ಬೀರುವಿನಿಂದ ಅಂಗಡಿಯ ಮಡಿಕೆ ಬಿಚ್ಚದ ಹೊಸ ಸೀರೆಯೊಂದನ್ನು ತೆಗೆದು ನನ್ನ ಕೈಗಿಟ್ಟು, ಇದು ಅಂದಳು. ಹೇಳುವ ಮೊದಲೇ ನನ್ನ ಬೆರಳು ಮಡಿಕೆಯೊಳಗೆ ಹೋಗಿ ತುದಿ ಹುಡುಕಿತು. ಗಂಟು ಇರಲಿಲ್ಲ. ಗಂಟಿಲ್ಲದಿದ್ದರೆ ನೀಲಿಯೋ ಹಳದಿಯೋ ಬಿಳುಪೋ ಆಗಬೇಕು. ಅದು ಆ ಮೂರೂ ಅಲ್ಲವೆಂದು ನನಗೇ ಕಾಣುತ್ತಿತ್ತು. ಏನಾದರೊಂದು ಹೇಳಿಬಿಡೋಣವೆಂದು ತಲೆ ಎತ್ತಿದೆ. ಅಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ತುದಿ ಬಿಡು," ಅಂದಳು. "ಬಿಟ್ಟು ನೋಡು."

ಬಿಟ್ಟೆ. ಕನ್ನಡಕದೊಳಗೆ ಕಣ್ಣು ಕಿರಿದು ಮಾಡಿ ನೋಡಿದೆ. ಗೊತ್ತಾಗುತ್ತಿಲ್ಲಮ್ಮ ಎಂದೆ. ಆಗ ಮಾತ್ರ ನನಗೆ ನಿಜವಾಗಿ ಅಳು ಬಂತು. ಕೆಂಪು ಕಾಣಲಿಲ್ಲವೆಂದಲ್ಲ. ಅವಳ ಎದುರು ಇಷ್ಟು ಹೊತ್ತು ನಾಟಕವಾಡಿದೆನಲ್ಲ ಎಂದು, ಅದನ್ನು ಅವಳು ಮೊದಲ ಸೀರೆಗೇ ಕಂಡುಹಿಡಿದಿದ್ದಳಲ್ಲ ಎಂದು.

ಅಮ್ಮ ಮಂಚದ ಮೇಲೆ ಕೂತು ಕೈ ಚಾಚಿದಳು. ಕನ್ನಡಕ ಕೊಟ್ಟೆ. ಅದನ್ನು ತನ್ನ ಮೂಗಿಗೆ ಏರಿಸಿಕೊಂಡು ಕಿಟಕಿ ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು. ಥೂ, ಬೀಟ್ರೂಟ್ ಸಾರು ಚೆಲ್ಲಿದ ಹಾಗಿದೆ ಎಂದು ಬೈದು ತೆಗೆದಿಟ್ಟಳು. ನನಗೆ ಅಳುವಿನ ನಡುವೆಯೇ ನಗು ಬಂತು. ಅವಳು ನಗಲಿಲ್ಲ. ತನಗೆ ಭಯವಾಗುತ್ತದೆ, ನಾಲ್ಕು ಜನರ ನಡುವೆ ಅವತ್ತಿನಂತೆ ನಾನು ಒಂಟಿಯಾಗಿ ನಿಂತದ್ದು ಕಣ್ಣ ಮುಂದೆ ಬರುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ ಅಂದಳು. ನಾನು ಹೋಗಿ ಅವಳ ಪಕ್ಕ ಕೂತೆ.

ಆಮೇಲೆ ಸೂಜಿ ದಾರ ತರಲು ಹೇಳಿದಳು. ಅವಳಿಂದ ಸೂಜಿಗೆ ದಾರ ಪೋಣಿಸಲಾಗಲಿಲ್ಲ, ನಾನೇ ಪೋಣಿಸಿದೆ. ಯಾವ ಬಣ್ಣದ ದಾರ ಎಂದು ಕೇಳಿದ್ದಕ್ಕೆ ಯಾವುದಾದರೂ ಆಗುತ್ತದೆ ಎಂದಳು. ಹೊಸ ಸೀರೆ ಗಿಣಿ ಬಣ್ಣವಂತೆ. ನನ್ನ ಕೈಯಲ್ಲೇ ಎರಡು ಗಂಟು ಹಾಕಿಸಿದಳು. ಮುಗಿಯಿತು ಎಂದು ಏಳಹೊರಟರೆ ಬಿಡಲಿಲ್ಲ. ಬೀರುವಿನ ಕೆಳಗಿನ ಅರೆಯಿಂದ ತನ್ನ ಸೀರೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಹರಡಿದಳು. ಅವಳಿಗೆ ಬಣ್ಣ ಕಾಣುತ್ತಿತ್ತಲ್ಲ, ಅವುಗಳಲ್ಲಿ ಒಂದಕ್ಕೂ ಗಂಟಿರಲಿಲ್ಲ.

"ಇವು ನಾಳೆ ನಿಂಗೇ ಬರೋವು. ನಂಗೆ ಕಣ್ ಕಾಣೋವಾಗ್ಲೇ ಆಗ್ಬಿಡ್ಲಿ. ನಾನ್ ಬಣ್ಣ ಯೇಳ್ತೀನಿ, ನೀನ್ ಗಂಟ್ ಆಕು."

ನನಗೆ ಮತ್ತೆ ಸಿಟ್ಟು ಬಂತು. ಈಗೇನು ಅವಸರ, ಅಪಶಕುನದ ಮಾತು ಯಾಕೆ, ಸಾರು ಆರಿಹೋಗುತ್ತಿದೆ ಎಂದು ರೇಗಿದೆ. ಅವಳು ಕೇಳಿಸಿಕೊಳ್ಳದವಳಂತೆ ಮೊದಲ ಸೀರೆಯ ತುದಿ ನನ್ನ ಕಡೆ ಚಾಚಿ, ದಾಳಿಂಬೆ ಬಣ್ಣ, ಒಂದು ಅಂದಳು. ಹಾಕಿದೆ. ಎಲೆ ಬಣ್ಣ, ಎರಡು. ಹಾಕಿದೆ. ಹಜಾರದಿಂದ ಗಂಡ ಊಟಕ್ಕೆ ಕರೆದರು, ತಮ್ಮ ಕರೆದ, ಆಮೇಲೆ ತಾವೇ ಬಡಿಸಿಕೊಂಡರು. ನನ್ನ ಗಂಟುಗಳು ಅವಳವುಗಳಷ್ಟು ಸಣ್ಣಗೆ ಬರುತ್ತಿರಲಿಲ್ಲ. ಅವಳು ಪ್ರತಿಯೊಂದನ್ನೂ ಉಗುರಿನಿಂದ ಒತ್ತಿ ನೋಡಿ ಸರಿ ಎನ್ನುತ್ತಿದ್ದಳು.

ಕೊನೆಯಲ್ಲಿ ಅಪ್ಪ ತಂದ ಸೀರೆ ಬಂತು. ಬಿಳಿ ಪಂಚೆಯಲ್ಲಿ ಸುತ್ತಿಟ್ಟಿದ್ದಳು. ನಾನು ದಾರ ಎಳೆದು, ಇದು ನಿಜವಾಗಿ ಯಾವ ಬಣ್ಣಮ್ಮ, ಎಷ್ಟು ಹಾಕಲಿ ಎಂದು ಕೇಳಿದೆ. ಅಷ್ಟು ವರ್ಷದಲ್ಲಿ ಕೇಳಿದ್ದು ಅದೇ ಮೊದಲು. ಅಮ್ಮ ಸೂಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ದಾರದ ಉಂಡೆಗೆ ಚುಚ್ಚಿಟ್ಟಳು.

"ಇದಕ್ಕೆ ಬ್ಯಾಡ. ಮಾವಂಗೆ ಇದು ಎಂಗ್ ಕಾಣ್ತಿತ್ತೋ ನಂಗೆ ಒಂದಿನಾನೂ ಕಾಣ್ಲಿಲ್ಲ. ಗೊತ್ತಿರೋಳು ನೀನೊಬ್ಳೇ."

ಸೀರೆಯನ್ನು ಬಿಚ್ಚಿ ನನ್ನ ತೊಡೆಯ ಮೇಲೆ ಹರಡಿದಳು. ಆಮೇಲೆ ನಾನು ಹುಟ್ಟಿದಾಗಿನಿಂದ ಕೇಳಿ ಕೇಳಿ ಸಾಕಾಗಿದ್ದ ಆ ಪ್ರಶ್ನೆಯನ್ನು, ನನ್ನನ್ನು ಒಂದು ಸಲವೂ ಕೇಳದಿದ್ದ ಅಮ್ಮ ಕೇಳಿದಳು. "ಇದ್ಯಾವ ಬಣ್ಣ, ಯೇಳು."

ಪರೀಕ್ಷೆಯಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಕುಂಕುಮದ ಕೆಂಪಮ್ಮ," ಎಂದೆ. ಅವಳು ಸೆರಗಿನ ಮೇಲೆ ಕೈಯಾಡಿಸುತ್ತಾ, ಇನ್ನೊಂದು ಸಲ ಹೇಳು ಅಂದಳು.